ಸಣ್ಣ ಕ್ಯಾಲಿಬರ್ ರೈಫಲ್‌ಗೆ ಸೀಸದ ಗುಂಡು ಎರಕ ಹೊಯ್ಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಎರಡು ಪದ ಬಿಡಿಸಿಕೊಳ್ಳೋಣ, ಇಲ್ಲದಿದ್ದರೆ ಮುಂದೆ ಗೊಂದಲ. ಇಲ್ಲಿ ಗುಂಡು ಎಂದರೆ ನಳಿಗೆಯಿಂದ ಹೊರಗೆ ಹಾರುವ ಸೀಸದ ತುಂಡು ಮಾತ್ರ. ಹಿತ್ತಾಳೆಯ ಕೇಸು, ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ), ಮದ್ದು, ಗುಂಡು ನಾಲ್ಕೂ ಸೇರಿದ್ದು ತೋಟಾ. ಈ ಹವ್ಯಾಸ ಬೇರುಬಿಟ್ಟಿರುವುದು ಅಮೆರಿಕದಲ್ಲಿ. ಅಚ್ಚು, ಅಳತೆ, ಕೈಪಿಡಿ ಎಲ್ಲವೂ ಅಲ್ಲಿಯವೇ. ಹಾಗಾಗಿ ಇಲ್ಲಿನ ಉತ್ತರಗಳೂ ಅಲ್ಲಿನ ಪರಿಸ್ಥಿತಿಗೆ ಹೊಂದಿಕೊಂಡಿವೆ.

ಕರ್ನಾಟಕದಲ್ಲಿ ಕುಳಿತು ಇದನ್ನು ಮಾಡಬಹುದೇ?

ಮಾಡಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ಎಂಬ ಪದದೊಳಗೆ ಅದರ ಬಿಡಿಭಾಗಗಳು ಮಾತ್ರವಲ್ಲ, ಅದನ್ನು ತಯಾರಿಸುವ ಯಂತ್ರಗಳೂ ಬರುತ್ತವೆ. ತಯಾರಿಕೆಗೆ 5ನೇ ಸೆಕ್ಷನ್ ಅಡಿ ಬೇರೆಯೇ ಪರವಾನಗಿ ಬೇಕು. ಕೋವಿಯ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಹಿತ್ತಿಲಲ್ಲಿ ಗುಂಡು ಎರೆಯುವ ಹಕ್ಕು ಬರುವುದಿಲ್ಲ. ಕೊಡಗಿನವರು ಆಗಾಗ ಕೇಳುವ ಪ್ರಶ್ನೆ ಇದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಮತ್ತು ತೋಟಾ ಇಟ್ಟುಕೊಳ್ಳುವುದಕ್ಕೆ. ತಯಾರಿಕೆಯ ವಿಷಯ ಬೇರೆ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರು?

ಸ್ವಂತ ಬಳಕೆಗೆ ತಯಾರಿಸಲು ಅಲ್ಲಿ ಫೆಡರಲ್ ಲೈಸೆನ್ಸ್ ಬೇಕಿಲ್ಲ. ಮಾರುವ ಉದ್ದೇಶವಿದ್ದರೆ ಬೇಕು. ಆದರೆ ವೀಸಾದ ಮಾತು ಮೊದಲು ನೋಡಿ. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಹೊಂದಿರುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯವೊಂದರ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಸಿಗುವಂಥ ಕೆಲವೇ ವಿನಾಯಿತಿಗಳಿವೆ. ಸಹೋದ್ಯೋಗಿ ಉಡುಗೊರೆ ಕೊಟ್ಟ ತೋಟಾದ ಡಬ್ಬಿಯೂ ತೊಂದರೆ ತಂದೀತು. ವಕೀಲರನ್ನು ಕೇಳಿದ ಮೇಲೆ ಅಚ್ಚು ಕೊಳ್ಳಿ.

ಯಾವ ರೈಫಲ್‌ಗಳಿಗೆ ಇದು ಹೊಂದುತ್ತದೆ?

ಸೆಂಟರ್‌ಫೈರ್ .22ಗಳಿಗೆ, ಅಂದರೆ ಪ್ರೈಮರ್ ಕೇಸಿನ ತಳದ ನಡುವೆ ಇರುವ, ಸುಮಾರು 0.22 ಇಂಚು ವ್ಯಾಸದ ಗುಂಡಿನವಕ್ಕೆ: .22 ಹಾರ್ನೆಟ್, .222 ರೆಮಿಂಗ್ಟನ್, .223 ರೆಮಿಂಗ್ಟನ್. ಕಲಿಯುವವರಿಗೆ ಹಾರ್ನೆಟ್‌ನಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಕೇಸು ಚಿಕ್ಕದು, ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ತೋಡುಗಳ ತಿರುವು ನಿಧಾನ, ವೇಗವೂ ಮಿತ. ಸೀಸಕ್ಕೆ ಬೇಕಾದದ್ದು ಇಷ್ಟೇ.

.22 ಲಾಂಗ್ ರೈಫಲ್ ತೋಟಾವನ್ನು ಮತ್ತೆ ತುಂಬಬಹುದೇ?

ಬೇಡ. 1887ರಿಂದ ಬಳಕೆಯಲ್ಲಿರುವ ಆ ತೋಟಾದಲ್ಲಿ ಸಿಡಿಯುವ ಮಿಶ್ರಣ ಕೇಸಿನ ಅಂಚಿನ ಮಡಿಕೆಯೊಳಗೇ ಇರುತ್ತದೆ, ಬೇರೆ ಪ್ರೈಮರ್ ಇಲ್ಲ. ಒಮ್ಮೆ ಹಾರಿಸಿದ ಮೇಲೆ ಅಂಚು ಜಜ್ಜಿಹೋಗಿರುತ್ತದೆ. ಆದರೆ ಖಾಲಿ ಕೇಸು ನಿಷ್ಪ್ರಯೋಜಕವೇನಲ್ಲ. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಇವೇ ಖಾಲಿ ಕೇಸುಗಳನ್ನು ಒತ್ತಿ .224 ಗುಂಡಿನ ಕವಚ ಮಾಡುವ ಡೈ (ಒತ್ತಚ್ಚು) ತಯಾರಿಸಿದರು. ಆರ್‌ಸಿಬಿಎಸ್ ಎಂಬ, ತೋಟಾ ತುಂಬುವ ಸಾಧನ ಮಾಡುವ ಕಂಪನಿಯ ಹೆಸರು ಹುಟ್ಟಿದ್ದು ಆ ‘ರಾಕ್ ಚಕ್ ಬುಲೆಟ್ ಸ್ವೇಜ್’ನಿಂದ.

.45 ಗುಂಡು ಸಲೀಸಾಗಿ ಎರೆಯುತ್ತೇನೆ. .22 ಮಾತ್ರ ಕೈಗೆ ಹತ್ತುವುದಿಲ್ಲ, ಯಾಕೆ?

ಲೆಕ್ಕ ಹಾಕಿ ನೋಡಿ. ಗುಂಡಿನ ಒಳಗೆ ಒಂದು ಘನ ಮಿಲಿಮೀಟರ್ ಗಾಳಿಗುಳ್ಳೆ ಉಳಿದರೆ ಸುಮಾರು 0.17 ಗ್ರೇನ್ ತೂಕ ಕಡಿಮೆ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ). 405 ಗ್ರೇನ್ ಗುಂಡಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. 55 ಗ್ರೇನ್ ಗುಂಡಿನಲ್ಲಿ ಅದೇ ಗುಳ್ಳೆ ಏಳು ಪಟ್ಟು ದೊಡ್ಡ ದೋಷ. ಅಳತೆಯಲ್ಲೂ ಹಾಗೆಯೇ: ತಳ ಒಂದು ಕೂದಲೆಳೆ ಓರೆಯಾದರೂ ಸಣ್ಣ ಗುಂಡು ಅದನ್ನು ಮರೆಸಿಕೊಳ್ಳುವುದಿಲ್ಲ. ಜತೆಗೆ ಅಚ್ಚಿನ ಪೊಳ್ಳು ಚಿಕ್ಕದು. ಪ್ರತಿ ಸಲ ಒಳಗೆ ಹೋಗುವ ಬಿಸಿ ಸೀಸ ಮೂರೂವರೆ ಗ್ರಾಂ ಮಾತ್ರ, ಅಚ್ಚಿನ ಲೋಹದ ಗಟ್ಟಿಯೋ ದೊಡ್ಡದು. ನೀವು ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಅಚ್ಚು ತಣ್ಣಗಾಗಿರುತ್ತದೆ. .22ರಲ್ಲಿ ಬರುವ ಕಷ್ಟಗಳಲ್ಲಿ ಹೆಚ್ಚಿನವು ತಣ್ಣನೆ ಅಚ್ಚಿನವು.

ಯಾವ ಸೀಸ ಬಳಸಬೇಕು? ಶುದ್ಧ ಸೀಸ ಸಾಲದೇ?

ಸಾಲದು. ಲೋಹದ ಗಡಸು ಅಳೆಯುವ ಬ್ರಿನೆಲ್ ಮಾನದಲ್ಲಿ ಶುದ್ಧ ಸೀಸದ ಗಡಸುತನ ಸುಮಾರು 5, ಉಗುರಿನಿಂದ ಗೀರಬಹುದು. ರೈಫಲ್ ವೇಗದಲ್ಲಿ ಅದು ತೋಡುಗಳ ಹಿಡಿತಕ್ಕೆ ನಿಲ್ಲದೆ ಜಾರುತ್ತದೆ. ಬೇಕಾದದ್ದು 15ರ ಆಸುಪಾಸು. ಅಮೆರಿಕದ ಲೈಮನ್ ಕಂಪನಿಯ ಹೆಸರಾದ ನಂ. 2 ಮಿಶ್ರಣದಲ್ಲಿ ಸೀಸ 90, ತವರ 5, ಆಂಟಿಮನಿ 5 ಪಾಲು. ಅದನ್ನು ಬಿಡಿಬಿಡಿಯಾಗಿ ಕೂಡಿಸಲು ಹೋದರೆ ಆಂಟಿಮನಿ ಕಾಡುತ್ತದೆ. ಅದು ಕರಗುವುದು 630 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸದ ಪಾತ್ರೆ ಅಷ್ಟು ಬಿಸಿಗೆ ಹೋಗುವಂಥದ್ದಲ್ಲ.

ಸುಲಭದ ದಾರಿ ಅಚ್ಚುಕೂಟದ ಲೈನೊಟೈಪ್ ಲೋಹ. ಅಚ್ಚುಮೊಳೆ ಜೋಡಿಸಿ ಪುಸ್ತಕ ಮುದ್ರಿಸುತ್ತಿದ್ದ ಕಾಲದ ಸರಕು, ಅಮೆರಿಕದಲ್ಲಿ ಈಗಲೂ ಸಿಗುತ್ತದೆ. ಅದರಲ್ಲಿ ತವರ ಶೇ. 4, ಆಂಟಿಮನಿ ಶೇ. 12, ಗಡಸುತನ 22. ಐದು ಕಿಲೋ ಮಿಶ್ರಣಕ್ಕೆ ಲೈನೊಟೈಪ್ ಎರಡೂವರೆ ಕಿಲೋ, ಮೃದು ಸೀಸ ಎರಡೂವರೆ ಕಿಲೋ ಹಾಕಿದರೆ ತವರ 2, ಆಂಟಿಮನಿ 6 ಪಾಲು ಸಿಗುತ್ತದೆ. ಎರಕ ಅಂಚಿಗೆ ಸರಿಯಾಗಿ ತುಂಬದಿದ್ದರೆ 50 ಗ್ರಾಂ ತವರ ಸೇರಿಸಿ. ಕಲಾಯಿ ಹಾಕಲು ಬಳಸುತ್ತಿದ್ದುದು ಇದೇ ತವರ. ಅದು ಗಡಸುತನಕ್ಕಿಂತ ಹೆಚ್ಚಾಗಿ ಕರಗಿದ ಲೋಹ ಮೂಲೆಮೂಲೆಗೆ ಹರಿಯಲು ನೆರವಾಗುತ್ತದೆ. ದುಬಾರಿ, ಆದ್ದರಿಂದ ಅದಕ್ಕಿಂತ ಹೆಚ್ಚು ಸೇರಿಸುವುದು ದಂಡ.

ಒಂದು ಕಿಲೋ ಲೋಹದಲ್ಲಿ 55 ಗ್ರೇನ್ ಗುಂಡು 280ರಷ್ಟು ಆಗುತ್ತವೆ.

ಕಾರಿನ ಚಕ್ರದ ತೂಕದ ತುಂಡುಗಳನ್ನು ಕರಗಿಸಬಹುದೇ?

ಸೀಸದವಾದರೆ ಒಳ್ಳೆಯದೇ. ಶೇ. 3ರಷ್ಟು ಆಂಟಿಮನಿ, ಚೂರು ಆರ್ಸೆನಿಕ್, ಗಡಸುತನ 11–12. ಆದರೆ ಅಮೆರಿಕದ ಹಲವು ರಾಜ್ಯಗಳು ಸೀಸದ ತೂಕವನ್ನು ನಿಲ್ಲಿಸಿರುವುದರಿಂದ ಈಗ ಬಕೆಟ್ ತುಂಬ ಸತುವು, ಕಬ್ಬಿಣ ಬೆರೆತಿರುತ್ತವೆ. ಕಬ್ಬಿಣ ತೇಲುತ್ತದೆ, ತೆಗೆದು ಹಾಕಿದರಾಯಿತು. ಸತುವು ಕರಗಿ ಬೆರೆತರೆ ಇಡೀ ಪಾತ್ರೆಯ ಸೀಸ ರವೆ ಗಂಜಿಯಂತೆ ಮುದ್ದೆಗಟ್ಟಿ ಅಚ್ಚಿಗೆ ಇಳಿಯುವುದೇ ಇಲ್ಲ. ಮೂರು ಪರೀಕ್ಷೆಗಳಿವೆ: ಮೇಲೆ ಜಡ್-ಎನ್ ಎಂದು ಒತ್ತಿದೆಯೇ ನೋಡಿ, ಕಟಿಂಗ್ ಪ್ಲೈಯರ್‌ನಿಂದ ಕಚ್ಚಿ, ಸೀಸ ಬೆಣ್ಣೆಯಂತೆ ತಗ್ಗುತ್ತದೆ, ಸತುವು ಜಗ್ಗುವುದಿಲ್ಲ, ಕರಗಿಸುವಾಗ ಥರ್ಮಾಮೀಟರ್ ಇಟ್ಟು 370 ಡಿಗ್ರಿ ದಾಟಿಸಬೇಡಿ. ಸತುವು ಕರಗುವುದು 419ರಲ್ಲಿ, ಅಷ್ಟರೊಳಗೆ ತೇಲುತ್ತಿರುವಾಗಲೇ ಎತ್ತಿಬಿಡಬಹುದು.

ಹಳೆಯ ಬ್ಯಾಟರಿಯ ಸೀಸ ಪುಕ್ಕಟೆ ಸಿಗುತ್ತದಲ್ಲ?

ಮುಟ್ಟಬೇಡಿ. ಈಗಿನ ಬ್ಯಾಟರಿ ತಗಡುಗಳಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದು ಆರ್ಸೆನಿಕ್ ಮತ್ತು ಆಂಟಿಮನಿಯೊಂದಿಗೆ ಸೇರಿ, ಕರಗಿದ ಸೀಸದ ಮೇಲೆ ಕಟ್ಟುವ ಕಿಟ್ಟಕ್ಕೆ ತೇವ ತಗುಲಿದಾಗ ಆರ್ಸೀನ್, ಸ್ಟಿಬೀನ್ ಎಂಬ ವಿಷಾನಿಲಗಳು ಹೊರಡುತ್ತವೆ. ಆಮ್ಲದ ಕಾಟ ಬೇರೆ. ಗುಜರಿಗೆ ಕೊಟ್ಟು ಬಂದ ದುಡ್ಡಿನಲ್ಲಿ ಒಳ್ಳೆಯ ಸೀಸ ಕೊಳ್ಳಿ.

ಏನೇನು ಸಾಮಾನು ಬೇಕು?

ಒಂಬತ್ತು ಕಿಲೋ ಹಿಡಿಯುವ, ತಳದಲ್ಲಿ ತೂತಿರುವ ವಿದ್ಯುತ್ ಪಾತ್ರೆ ಅಥವಾ ಬೀಡುಕಬ್ಬಿಣದ ಪಾತ್ರೆ ಮತ್ತು ಸೌಟು. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಬಿಸಿಯಲ್ಲಿ ಮೆತ್ತಗಾಗಿ ಭಾರಕ್ಕೆ ಕುಸಿಯುತ್ತದೆ. ಸೀಸದ ಥರ್ಮಾಮೀಟರ್, ಎರಡು ಪೊಳ್ಳಿನ ಅಚ್ಚು, ಅಚ್ಚನ್ನು ಮೊದಲೇ ಕಾಯಿಸಲು ಹಾಟ್ ಪ್ಲೇಟ್, ಎರಕದ ಬಾಲ (ಅಚ್ಚಿನ ಬಾಯಲ್ಲಿ ಉಳಿಯುವ ಹೆಚ್ಚುವರಿ ಸೀಸ) ಕತ್ತರಿಸಲು ಮರದ ಸುತ್ತಿಗೆ, ಗುಂಡು ಬೀಳಿಸಲು ಮಡಿಚಿದ ಹತ್ತಿ ಬಟ್ಟೆ. ಮೈಮೇಲೆ ಮುಖ ಮುಚ್ಚುವ ಶೀಲ್ಡ್, ಚರ್ಮದ ಕೈಗವಸು, ಹತ್ತಿಯ ಉದ್ದತೋಳಿನ ಅಂಗಿ, ಮುಚ್ಚಿದ ಬೂಟು. ಚಪ್ಪಲಿಯಲ್ಲಿ ಈ ಕೆಲಸಕ್ಕೆ ಕೂರುವವರಿಗೆ ಹೇಳಲು ಏನೂ ಇಲ್ಲ.

ಅಡುಗೆಮನೆಯಿಂದ ಬಂದ ಸೌಟು, ಪಾತ್ರೆ, ಒಲೆ ಯಾವುದೂ ಮತ್ತೆ ಅಡುಗೆಮನೆಗೆ ಹೋಗಕೂಡದು.

ಎರಕದ ಕ್ರಮ ಹೇಗೆ?

ಗಾಳಿಯಾಡುವ, ಮಳೆಹನಿ ಬೀಳದ ಜಾಗ ನೋಡಿ. ಲೋಹ ಪೂರ್ತಿ ಕರಗಿದ ಮೇಲೆ ಕಡಲೆಕಾಳಿನ ಗಾತ್ರದ ಜೇನುಮೇಣ ಹಾಕಿ ಕಲಕಿ. ಹೊಗೆ ಬರುತ್ತದೆ, ಬೆಂಕಿಕಡ್ಡಿ ಗೀರಿ ಹೊತ್ತಿಸಿದರೆ ಹೊಗೆ ಕಡಿಮೆ. ಇದರಿಂದ ಮೇಲೆ ಕಟ್ಟಿದ ತವರದ ಆಕ್ಸೈಡ್ ಮತ್ತೆ ಲೋಹಕ್ಕೆ ಸೇರಿ, ಕಪ್ಪು ಕಿಟ್ಟ ಮಾತ್ರ ತೇಲುತ್ತದೆ. ಅದನ್ನು ತೆಗೆದು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಬೆಳ್ಳಗೆ ಹೊಳೆಯುವ ಪದರವನ್ನು ಕಿಟ್ಟವೆಂದು ತೆಗೆದು ಎಸೆಯುವವರು ತವರವನ್ನೇ ಎಸೆಯುತ್ತಿರುತ್ತಾರೆ.

ಉಷ್ಣತೆ 370ರಿಂದ 400 ಡಿಗ್ರಿ. .22ಕ್ಕೆ ಮೇಲಿನ ತುದಿಯೇ ವಾಸಿ. ಅಚ್ಚನ್ನು ಹಾಟ್ ಪ್ಲೇಟ್ ಮೇಲೆ 200 ಡಿಗ್ರಿಯ ಹತ್ತಿರ ಕಾಯಿಸಿಡಿ. ತುಂಬುವಾಗ ಪೊಳ್ಳು ತುಂಬಿದ ಮೇಲೂ ಅಚ್ಚಿನ ಮೇಲಿರುವ, ಬಾಲ ಕತ್ತರಿಸುವ ಫಲಕದ ಮೇಲೆ ಕಾಸಿನಗಲ ಸೀಸ ನಿಲ್ಲಲಿ. ಗುಂಡು ತಣಿಯುತ್ತ ಕುಗ್ಗುವಾಗ ಆ ಕೊಳದಿಂದಲೇ ಸೀಸ ಎಳೆದುಕೊಳ್ಳುತ್ತದೆ. ಕೊಳ ಜಿಪುಣತನದಿಂದ ಚಿಕ್ಕದಾದರೆ ತಳದಲ್ಲಿ ಗುಳ್ಳೆ ಗ್ಯಾರಂಟಿ. ಕೊಳದ ಹೊಳಪು ಮಾಸಿ ಗಟ್ಟಿಯಾದ ಮೇಲೆ ಮೂರು ನಾಲ್ಕು ಸೆಕೆಂಡ್ ಬಿಟ್ಟು ಬಾಲ ಕತ್ತರಿಸಿ, ಅಚ್ಚು ತೆರೆದು ಬಟ್ಟೆಯ ಮೇಲೆ ಬೀಳಿಸಿ. ಗುಂಡು ಕಚ್ಚಿಕೊಂಡರೆ ಹಿಡಿಯ ಕೀಲಿಗೆ ಮೆಲ್ಲನೆ ಬಡಿಯಿರಿ, ಅಚ್ಚಿಗೆ ಎಂದೂ ಬಡಿಯಬೇಡಿ.

ಒಂದೇ ಲಯದಲ್ಲಿ ಸಾಗಿ. ಮಧ್ಯೆ ಕುಳಿತು ಗುಂಡು ಆರಿಸುತ್ತ, ಮೆಚ್ಚುತ್ತ ಹೋದರೆ ಅಚ್ಚು ತಣಿಯುತ್ತದೆ. ಮೊದಲ ಹದಿನೈದು ಇಪ್ಪತ್ತು ಗುಂಡು ನೋಡದೆ ಪಾತ್ರೆಗೆ ವಾಪಸು. ಆದರೆ ಒಣಗಿದ್ದು ಮಾತ್ರ: ಒದ್ದೆ ಗುಂಡು, ಒದ್ದೆ ಚಮಚ, ಬೆವರಹನಿ ಯಾವುದಾದರೂ ಕರಗಿದ ಸೀಸದ ಒಳಗೆ ಮುಳುಗಿದರೆ ನೀರು ಸಾವಿರದ ಆರುನೂರು ಪಟ್ಟಿಗಿಂತ ಹೆಚ್ಚು ಹಿಗ್ಗಿ ಆವಿಯಾಗುತ್ತದೆ, ಪಾತ್ರೆಯ ಸೀಸ ಸೂರಿಗೆ ಹಾರುತ್ತದೆ.

ಗುಂಡಿನ ಮೈಮೇಲೆ ಸುಕ್ಕು, ಬೂದಿಬಣ್ಣ, ರೆಕ್ಕೆ... ಇವುಗಳ ಅರ್ಥವೇನು?

ಸುಕ್ಕು ಎಂದರೆ ಅಚ್ಚು ತಣ್ಣಗಿದೆ, ಇಲ್ಲವೇ ಒಳಗೆ ಎಣ್ಣೆಯ ಪಸೆ ಇದೆ. ಹೊಸ ಅಚ್ಚಾದರೆ ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಶ್ ಹಿಡಿದು ತಿಕ್ಕಿ ತೊಳೆದು ಚೆನ್ನಾಗಿ ಒಣಗಿಸಿ. ಮಂಜು ಕವಿದಂಥ ಬೂದಿ ಬಣ್ಣ ಅಚ್ಚು ಹೆಚ್ಚು ಕಾದಿದೆ ಎಂಬುದರ ಗುರುತು. ತೆಳುವಾಗಿದ್ದರೆ ಚಿಂತೆಯಿಲ್ಲ, .22ರಲ್ಲಿ ಹೊಳೆಯುವ ಗುಂಡಿಗಿಂತ ತುಸು ಮಂಜಾದ ಗುಂಡೇ ಅಂಚು ತುಂಬಿಕೊಂಡಿರುತ್ತದೆ. ಬದಿಯಲ್ಲಿ ರೆಕ್ಕೆ ಎದ್ದರೆ ಅಚ್ಚಿನ ಎರಡು ಹೋಳುಗಳ ನಡುವೆ ಸೀಸದ ಚೂರು ಸಿಕ್ಕಿದೆ. ಅಂಚು ದುಂಡಗಾಗಿದ್ದರೆ ಉಷ್ಣತೆ ಕಡಿಮೆ, ತವರ ಕಡಿಮೆ ಅಥವಾ ಗಾಳಿ ಹೊರಹೋಗುವ ಗೀರುಗಳು ಮುಚ್ಚಿವೆ. ಬಾಲ ಕತ್ತರಿಸಿದ ಜಾಗದಲ್ಲಿ ತೂತು ಬಿದ್ದಿದ್ದರೆ ಅವಸರ ಮಾಡಿದ್ದೀರಿ.

ಕಣ್ಣಿಗೆ ಸರಿ ಕಂಡದ್ದನ್ನು ತೂಗಿ, 0.2 ಗ್ರೇನ್ ಅಂತರದ ಗುಂಪುಗಳಾಗಿ ಬೇರ್ಪಡಿಸಿ. ಗುಂಪಿನಿಂದ ದೂರ ಹಗುರಾಗಿ ನಿಂತದ್ದರ ಒಳಗೆ ಗುಳ್ಳೆ ಇರುತ್ತದೆ.

ಬಿಸಿ ಗುಂಡನ್ನು ನೀರಿಗೆ ಬೀಳಿಸಿದರೆ ಗಟ್ಟಿಯಾಗುತ್ತದಂತೆ?

ಆಂಟಿಮನಿ, ಜತೆಗೆ ಚೂರು ಆರ್ಸೆನಿಕ್ ಇದ್ದರೆ ಆಗುತ್ತದೆ. ಬರೀ ಸೀಸ-ತವರದ ಮಿಶ್ರಣಕ್ಕೆ ಇದರಿಂದ ಏನೂ ಆಗದು. ಪೂರ್ತಿ ಗಡಸಾಗಲು ವಾರ ಹತ್ತು ದಿನ ಬೇಕು. ನಮ್ಮ ಅಭಿಪ್ರಾಯ: 15ರ ಗಡಸು ಸಿಕ್ಕಿದ ಮೇಲೆ ನೀರಿನ ಬಕೆಟ್ಟನ್ನು ಸೀಸದ ಪಾತ್ರೆಯ ಬಳಿ ತರುವುದರಲ್ಲಿ ಲಾಭಕ್ಕಿಂತ ಅಪಾಯವೇ ಜಾಸ್ತಿ.

ಗುಂಡಿನ ಅಳತೆ ಎಷ್ಟಿರಬೇಕು?

ನಿಮ್ಮ ನಳಿಗೆಯ ತೋಡಿನ ಅಳತೆಗಿಂತ ಒಂದು ಸಾವಿರಾಂಶ ಇಂಚು ದಪ್ಪ. .224 ನಳಿಗೆಗೆ .225. ಕೆಲವು ಹಳೆಯ ಹಾರ್ನೆಟ್ ನಳಿಗೆಗಳು .223 ಇರುತ್ತವೆ, ಆದ್ದರಿಂದ ಊಹೆ ಬೇಡ. ಎಣ್ಣೆ ಸವರಿದ ನಳಿಗೆಯೊಳಗೆ ಶುದ್ಧ ಸೀಸದ ಚೂರನ್ನು ಕಡ್ಡಿಯಿಂದ ಮೆಲ್ಲಗೆ ನೂಕಿ ಹೊರತೆಗೆದು ಮೈಕ್ರೋಮೀಟರಿನಲ್ಲಿ ಅಳೆಯಿರಿ. ವರ್ನಿಯರ್ ಸಾಲದು. ಹೊಸಬರು ಗಡಸುತನದ ಹಿಂದೆ ಬೀಳುತ್ತಾರೆ. ಆದರೆ ಸರಿಯಾಗಿ ಕೂರುವ 12ರ ಗುಂಡು, ಸಡಿಲವಾಗಿರುವ 22ರ ಗುಂಡಿಗಿಂತ ಚೆನ್ನಾಗಿ ಹೋಗುತ್ತದೆ, ನಳಿಗೆಯನ್ನೂ ಶುಚಿಯಾಗಿಡುತ್ತದೆ.

ಗ್ಯಾಸ್ ಚೆಕ್ ಹಾಕಲೇಬೇಕೇ?

.22 ರೈಫಲ್ ವೇಗದಲ್ಲಿ ಹಾಕಲೇಬೇಕು. ಗುಂಡಿನ ತಳಕ್ಕೆ ತೊಡಿಸುವ ತಾಮ್ರದ ಪುಟ್ಟ ಟೊಪ್ಪಿ ಇದು. ಬಿಸಿ ಅನಿಲ ಅಂಚಿನಿಂದ ನುಸುಳಿ ಸೀಸವನ್ನು ಕೊರೆಯದಂತೆ ತಡೆಯುತ್ತದೆ. ಬೆರಳಿನಿಂದ ನೇರವಾಗಿ ಕೂರಿಸಿ, ಗುಂಡನ್ನು ಸರಿ ಅಳತೆಗೆ ತರುವ ಸೈಜಿಂಗ್ ಡೈ ಮೂಲಕ ಒತ್ತಿದಾಗ ಅದರ ಬಾಯಿ ಸೀಸವನ್ನು ಕಚ್ಚಿ ಹಿಡಿಯುತ್ತದೆ. ಓರೆ ಕೂತದ್ದನ್ನು ಸರಿಮಾಡಲು ಹೋಗದೆ ಪಾತ್ರೆಗೆ ಹಾಕಿ.

ಗ್ರೀಸೋ, ಪೌಡರ್ ಕೋಟಿಂಗೋ?

ಸೀಸ ನಳಿಗೆಗೆ ಮೆತ್ತದಂತೆ ಗುಂಡಿಗೆ ಹಚ್ಚುವ ಜಿಡ್ಡು ಒಂದು, ಬಿಸಿಯಲ್ಲಿ ಕರಗಿ ಅಂಟುವ ಬಣ್ಣದ ಪುಡಿಯ ಲೇಪ ಇನ್ನೊಂದು. ಎರಡೂ ನಡೆಯುತ್ತವೆ. ಜೇನುಮೇಣ ಮತ್ತು ಆಲಾಕ್ಸ್ (ಪೆಟ್ರೋಲಿಯಂ ಮೂಲದ ಜಿಡ್ಡು) ಸಮಪಾಲು ಬೆರೆಸಿದ ಗ್ರೀಸು ಹಳೆಯ ನಂಬಿಕೆಯ ಮಾಲು. ಪೌಡರ್ ಕೋಟಿಂಗ್ ಮಾಡುವುದಾದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡು, ಪುಡಿ ಹಾಕಿ ಕುಲುಕಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ 200 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ರೊಟ್ಟಿ ಬೇಯಿಸುವ ಓವನ್ ಅಲ್ಲ, ಇದಕ್ಕೇ ಮೀಸಲಿಟ್ಟದ್ದು. ಪದರದಿಂದ ಒಂದೆರಡು ಸಾವಿರಾಂಶ ಇಂಚು ದಪ್ಪವಾಗುವುದರಿಂದ ಸೈಜಿಂಗ್ ಆಮೇಲೆ ಮಾಡಬೇಕು. ನೀರಿಗೆ ಹಾಕಿ ಗಡಸು ಮಾಡಿದ್ದ ಗುಂಡು ಈ ಬಿಸಿಯಲ್ಲಿ ಮತ್ತೆ ಮೆತ್ತಗಾಗುತ್ತದೆ ಎಂಬುದು ನೆನಪಿರಲಿ. ಬೇಸಿಗೆಯಲ್ಲಿ ಕಾರಿನಲ್ಲಿಟ್ಟರೆ ಗ್ರೀಸು ಕರಗಿ ಮದ್ದಿಗೆ ಇಳಿಯುವ ಭಯವಿಲ್ಲ ಎಂಬ ಒಂದೇ ಕಾರಣಕ್ಕೂ ಪುಡಿಯ ಕಡೆ ವಾಲಬಹುದು.

ಕೇಸಿಗೆ ಕೂರಿಸುವಾಗ ಸೀಸ ಕೆರೆದುಹೋಗುತ್ತಿದೆ.

ತಾಮ್ರಕವಚದ ಗುಂಡಿಗೆಂದು ಮಾಡಿದ ಡೈಗಳು ಕೇಸಿನ ಕತ್ತನ್ನು ಬಿಗಿಯಾಗಿ ಬಿಡುತ್ತವೆ. ಸೀಸಕ್ಕೆ ಎರಡು ಹಂತದ ಎಕ್ಸ್‌ಪಾಂಡರ್ ಬೇಕು: ಮೊದಲ ಹಂತ ಕತ್ತನ್ನು ಹಿಗ್ಗಿಸುತ್ತದೆ, ಎರಡನೆಯದು ಬಾಯಿಯನ್ನು ಅರಳಿಸುತ್ತದೆ. ಗ್ಯಾಸ್ ಚೆಕ್ ಬೆರಳಿನಿಂದ ಒಳಗೆ ಹೊಕ್ಕರೆ ಸಾಕು, ಅದಕ್ಕಿಂತ ಅರಳಿಸಿದರೆ ಹಿತ್ತಾಳೆ ಬೇಗ ಸೀಳುತ್ತದೆ. ಅನುಮಾನವಿದ್ದರೆ ಮದ್ದು, ಪ್ರೈಮರ್ ಇಲ್ಲದ ಕೇಸಿಗೆ ಗುಂಡು ಕೂರಿಸಿ, ಮತ್ತೆ ಎಳೆದು ಅಳೆಯಿರಿ. .225 ಹಾಕಿದ್ದು .223 ಆಗಿ ಹೊರಬಂದರೆ ಇಷ್ಟು ಹೊತ್ತು ಪಟ್ಟ ಶ್ರಮವನ್ನು ಕೇಸಿನ ಕತ್ತೇ ಹಿಸುಕಿಹಾಕಿದೆ. ಗ್ಯಾಸ್ ಚೆಕ್ ಕತ್ತಿನಿಂದ ಕೆಳಗೆ ಇಳಿಯದಿರಲಿ, ಗುಂಡಿನ ಮೂಗು ನಳಿಗೆಯ ತೋಡುಗಳ ಆರಂಭಕ್ಕೆ ಹಗುರವಾಗಿ ತಾಗುವಂತಿರಲಿ.

ಮದ್ದು ಎಷ್ಟು ಹಾಕಬೇಕು?

ಇಲ್ಲಿ ಅಂಕಿ ಕೊಡುವುದಿಲ್ಲ. ಲೈಮನ್‌ನಂಥ ಕೈಪಿಡಿಯ ಎರಕದ ಗುಂಡಿನ ವಿಭಾಗದಲ್ಲಿ ನಿಮ್ಮ ತೋಟಾ, ಗುಂಡಿನ ತೂಕ, ಮದ್ದಿನ ಹೆಸರು ಮೂರೂ ಹೊಂದುವ ಸಾಲು ಹುಡುಕಿ, ಕನಿಷ್ಠದಿಂದ ಶುರುಮಾಡಿ. ಗೆಳೆಯರ ಚೀಟಿ ನಂಬಬೇಡಿ. ಈ ತೋಟಾಗಳಲ್ಲಿ ಮುಖ್ಯ ಅಪಾಯ ಬೇರೆಯೇ ಇದೆ. ಬೇಗ ಉರಿಯುವ ಮದ್ದು ಅಷ್ಟಷ್ಟೇ ಬೀಳುವುದರಿಂದ .223 ಕೇಸಿನಲ್ಲಿ ಎರಡು ಸಲ ಬಿದ್ದರೂ ತುಳುಕುವುದಿಲ್ಲ, ಗೊತ್ತೂ ಆಗುವುದಿಲ್ಲ. ಎರಡು ಪಾಲು ಬಿದ್ದ ತೋಟಾ ರೈಫಲನ್ನೇ ಒಡೆಯಬಲ್ಲದು. ಎಲ್ಲ ಕೇಸುಗಳನ್ನೂ ಮರದ ಹಲಗೆಯಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಒಂದೊಂದರ ಒಳಗೂ ನೋಡಿದ ಮೇಲಷ್ಟೇ ಗುಂಡು ಕೂರಿಸಿ. ಇನ್ನು ನಿಧಾನದ ಮದ್ದನ್ನು ಕೈಪಿಡಿಯ ಕನಿಷ್ಠಕ್ಕಿಂತ ಇಳಿಸುವುದೂ ಅಷ್ಟೇ ಕೆಟ್ಟದ್ದು. ಸದ್ದು ಟುಸ್ಸೆಂದರೆ ಅಲ್ಲೇ ನಿಲ್ಲಿಸಿ ನಳಿಗೆ ನೋಡಿ. ಒಳಗೆ ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ.

.223ರಲ್ಲಿ ಗುರಿ ಚೆಲ್ಲಾಪಿಲ್ಲಿ, ಹಾರ್ನೆಟ್‌ನಲ್ಲಿ ಅದೇ ಗುಂಡು ಚೆನ್ನಾಗಿದೆ!

ತಿರುವು ನೋಡಿ. ಸೆಕೆಂಡಿಗೆ 1,800 ಅಡಿ ವೇಗದಲ್ಲಿ 16 ಇಂಚಿಗೊಂದು ಸುತ್ತಿನ ಹಾರ್ನೆಟ್ ನಳಿಗೆ ಗುಂಡನ್ನು ನಿಮಿಷಕ್ಕೆ 81,000 ಸುತ್ತು ತಿರುಗಿಸುತ್ತದೆ. 7 ಇಂಚಿನ ತಿರುವಿನ .223ರಲ್ಲಿ ಅದು 1,85,000. ಅಷ್ಟು ಸುತ್ತಿನಲ್ಲಿ ಒಳಗಿನ ಪ್ರತಿ ಗುಳ್ಳೆ, ಪ್ರತಿ ಓರೆಯೂ ಗುಂಡನ್ನು ಪಕ್ಕಕ್ಕೆ ಎಳೆಯುತ್ತದೆ. ಸುತ್ತಿಗೆ ಖಚಿತ ಮಿತಿಯಿದೆಯೇ ಎಂದು ಎರಕದವರಲ್ಲಿ ಜಗಳವೇ ನಡೆಯುತ್ತದೆ. ಜಗಳ ಬಿಟ್ಟು, ಕೈಪಿಡಿ ಒಪ್ಪುವ ಮಟ್ಟಿಗೆ ವೇಗ ಇಳಿಸಿ ನೋಡಿ. 12 ಇಂಚಿನ ತಿರುವಿದ್ದರೆ ಇನ್ನೂ ಸುಲಭ.

ಸ್ವಯಂಚಾಲಿತವಾಗಿ ತುಂಬಿಕೊಳ್ಳುವ ರೈಫಲ್‌ಗೆ ಬೇಡ. ಹಗುರ ತೋಟಾ ಅದರ ಬೋಲ್ಟನ್ನು ಸರಿಯಾಗಿ ಹಿಂದಕ್ಕೆ ತಳ್ಳುವುದಿಲ್ಲ, ಗ್ಯಾಸ್ ಕೊಳವೆಯಲ್ಲಿ ಸೀಸ, ಗ್ರೀಸು ಕಟ್ಟುತ್ತದೆ. ಕೈಯಿಂದಲೇ ಬೋಲ್ಟ್ ಎಳೆದು ತೋಟಾ ತುಂಬುವ ಬೋಲ್ಟ್ ಆಕ್ಷನ್ ಒಳ್ಳೆಯದು.

ನಳಿಗೆಯಲ್ಲಿ ಸೀಸ ಮೆತ್ತಿಕೊಂಡಿದೆ.

ಎಲ್ಲಿ ಮೆತ್ತಿದೆ ಎಂಬುದೇ ಕಾರಣ ಹೇಳುತ್ತದೆ. ತೋಟಾ ಕೂರುವ ಕೋಣೆಯ ಮುಂದೆಯೇ ಇದ್ದರೆ ಗುಂಡು ಸಣ್ಣದು. ತುದಿಯ ಕಡೆ ಇದ್ದರೆ ಗ್ರೀಸು ಅರ್ಧದಾರಿಯಲ್ಲೇ ಮುಗಿದಿದೆ. ಹಳೆಯ ಬ್ರಶ್ಶಿಗೆ ಶುದ್ಧ ತಾಮ್ರದ ಜಾಲಿ ಸುತ್ತಿ ಹತ್ತು ಸಲ ಎಳೆದರೆ ಎದ್ದುಬರುತ್ತದೆ. ತಾಮ್ರದ ಬಣ್ಣ ಬಳಿದ ಉಕ್ಕಿನ ಜಾಲಿಯೂ ಅಂಗಡಿಯಲ್ಲಿರುತ್ತದೆ, ಅಯಸ್ಕಾಂತ ಹಿಡಿದು ನೋಡಿಕೊಳ್ಳಿ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸುರಿಯುವ ಉಪಾಯದಿಂದ ಉಂಟಾಗುವುದು ನೀರಿನಲ್ಲಿ ಕರಗುವ, ಚರ್ಮಕ್ಕೂ ಅಪಾಯಕರವಾದ ಸೀಸದ ವಿಷ.

ಸೀಸದ ಹೊಗೆ ಕುಡಿದರೆ ಏನಾಗುತ್ತದೆ?

ಸೀಸ ಕುದಿಯುವುದು 1,749 ಡಿಗ್ರಿಯಲ್ಲಿ. 400ರಲ್ಲಿ ಆವಿ ಅತ್ಯಲ್ಪ. ನಿಜವಾದ ವೈರಿ ಕಿಟ್ಟದ ಹಳದಿ-ಬೂದು ಪುಡಿ. ಅದು ಕೈಯಿಂದ ಬಾಯಿಗೆ, ಬೂಟಿನಿಂದ ಮನೆಯ ನೆಲಕ್ಕೆ, ನೆಲದಿಂದ ಅಂಬೆಗಾಲಿಡುವ ಮಗುವಿನ ಕೈಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಮುಟ್ಟಿದರೆ ಗಮನಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಟ್ಟ ಇಳಿಸಿತು. ಸುರಕ್ಷಿತ ಎನ್ನಬಹುದಾದ ಮಟ್ಟವೇ ಇಲ್ಲ. ಹಾಗಾಗಿ ಕೆಲಸದ ಜಾಗದಲ್ಲಿ ಊಟ, ಕಾಫಿ, ಸಿಗರೇಟು, ಎಲೆಅಡಿಕೆ ಯಾವುದೂ ಇಲ್ಲ. ಪೊರಕೆ ಹಿಡಿದು ಒಣ ಪುಡಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲ ಕಟ್ಟಿ. ಬೂಟು ಬಾಗಿಲ ಹೊರಗೇ ಇರಲಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಮಕ್ಕಳು, ಗರ್ಭಿಣಿಯರು ಆ ಕೋಣೆಗೆ ಬರಬಾರದು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಈ ಗುಂಡಿನಿಂದ ಬೇಟೆಯಾಡಬಹುದೇ?

ರಾಜ್ಯ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಸಲ್ಲದು. ಗುಂಡು ತಗುಲಿದ ಪ್ರಾಣಿಯ ಅವಶೇಷ ತಿಂದು ಕಾಂಡೋರ್ ಹದ್ದುಗಳು ಸೀಸದ ವಿಷಕ್ಕೆ ಸಾಯುತ್ತಿದ್ದುದು ಇದರ ಹಿಂದಿನ ಕಾರಣ. ಅಲ್ಲಿ ಎರಕದ ಗುಂಡು ಗುರಿ ಅಭ್ಯಾಸಕ್ಕೆ ಮಾತ್ರ, ಅದೂ ಸೀಸಕ್ಕೆ ಅವಕಾಶವಿರುವ ರೇಂಜುಗಳಲ್ಲಿ. ಹಿಂದಿನ ಮಣ್ಣದಿಬ್ಬದಿಂದ ಸೀಸ ಹೆಕ್ಕಿ ಮತ್ತೆ ಕರಗಿಸಲು ಕೆಲವು ರೇಂಜುಗಳು ಬಿಡುತ್ತವೆ. ಹೆಕ್ಕಿ ತಂದದ್ದನ್ನು ತಣ್ಣನೆಯ ಪಾತ್ರೆಯಲ್ಲಿ ಹಾಕಿ ನಿಧಾನಕ್ಕೆ ಕಾಯಿಸಿ, ಮುಚ್ಚಳ ಮುಚ್ಚಿ. ಕವಚದೊಳಗೆ ಸೇರಿದ ತೇವವಿರಬಹುದು, ಸಿಡಿಯದ ತೋಟಾವೂ ಇರಬಹುದು.